ಪೆಟ್ಟಿಗೆ ಬಂದ ಮೇಲೆ

ಗಲ್ಫಿನಿಂದ ಬರುವವರನ್ನು ಎದುರುಗೊಳ್ಳಲು ನಮ್ಮ ಕರಾವಳಿಯವರೆಲ್ಲ ಒಂದಲ್ಲ ಒಂದು ಸಲ ಬಜಪೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾದವರೇ. ಅದೇ ನಿಲ್ದಾಣದಲ್ಲಿ ಸರಕು ಇಳಿಸುವ ಕಡೆ ಇನ್ನೊಂದು ಬಾಗಿಲಿದೆ. ಎರಡು ವರ್ಷದ ಹಿಂದೆ ಒಂದು ಬೆಳಗಿನ ಜಾವ ನಾನು ಆ ಬಾಗಿಲಲ್ಲಿ ನಿಂತಿದ್ದೆ. ಶಾರ್ಜಾದಲ್ಲಿ ಹತ್ತೊಂಬತ್ತು ವರ್ಷ ದುಡಿದ ನನ್ನ ಭಾವ ಆ ದಾರಿಯಲ್ಲಿ ಬಂದರು. ಮರದ ಪೆಟ್ಟಿಗೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಹೆಸರು, ಪಾಸ್‌ಪೋರ್ಟಿನ ಸಂಖ್ಯೆ, ಕೆಳಗೆ ಕಿಲೋ ಲೆಕ್ಕದಲ್ಲಿ ತೂಕ. ಆ ಅಂಕಿಯನ್ನು ಓದಿದ ಅಕ್ಕನ ಮಗ ಅಲ್ಲಿಂದ ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಪೆಟ್ಟಿಗೆ ಬಂತು, ಸಂಸ್ಕಾರ ಆಯಿತು, ಉತ್ತರಕ್ರಿಯೆಯೂ ಮುಗಿಯಿತು. ಹೆಚ್ಚಿನ ಮನೆಗಳಲ್ಲಿ ಅಲ್ಲಿಗೆ ಎಲ್ಲ ಮುಗಿಯಿತೆಂದೇ ತಿಳಿಯುತ್ತಾರೆ. ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಂಡನನ್ನು ಪರದೇಶದಲ್ಲಿ ಕಳೆದುಕೊಂಡ ಎಷ್ಟೋ ಹೆಂಗಸರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದುಕೊಂಡು ನನ್ನ ಮೇಜಿನ ಎದುರು ಕೂತದ್ದನ್ನು ನೋಡಿದ್ದೇನೆ. ದೇಹ ಒಂದು ವಾರ, ಹತ್ತು ದಿನದಲ್ಲಿ ಊರು ಸೇರುತ್ತದೆ. ಆ ಮನುಷ್ಯ ಬೆವರು ಸುರಿಸಿ ಗಳಿಸಿದ ಹಣ ಊರು ಸೇರಲು ವರ್ಷ ಹಿಡಿಯುತ್ತದೆ, ಕೆಲವು ಸಲ ಸೇರುವುದೇ ಇಲ್ಲ. ಯಾಕೆ ಸೇರುವುದಿಲ್ಲ ಎಂದು ಹುಡುಕಿಕೊಂಡು ಹೋದರೆ, ಬಹಳಷ್ಟು ಸಲ ಆ ಮೊದಲ ಮೂರು ದಿನದಲ್ಲಿ ಹಾಕಿದ ಒಂದು ಸಹಿಗೆ ಬಂದು ಮುಟ್ಟುತ್ತೇವೆ. ಈವತ್ತು ನಾನು ಮುಖ್ಯವಾಗಿ ಆ ಸಹಿಯ ವಿಷಯ ಹೇಳಲು ಬಂದಿದ್ದೇನೆ.

ಭಾವ ತೀರಿಕೊಂಡದ್ದು ರಾತ್ರಿ, ರೂಮಿನಲ್ಲಿ, ನಿದ್ದೆಯಲ್ಲೇ. ಆಸ್ಪತ್ರೆಯ ಹೊರಗೆ ಸಾವು ಸಂಭವಿಸಿದರೆ ಅಲ್ಲಿ ಪೊಲೀಸರು ಬರಲೇಬೇಕು, ಅವರ ವರದಿ ಆಗಲೇಬೇಕು. ಆಮೇಲೆ ಅಲ್ಲಿನ ಸರಕಾರದ ಮರಣ ಪ್ರಮಾಣಪತ್ರ. ಅದು ಕೈಗೆ ಬಂದ ಮೇಲೆ ನಮ್ಮ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ಸಾವಿನ ನೋಂದಣಿ, ಪಾಸ್‌ಪೋರ್ಟ್ ರದ್ದು, ದೇಹ ಸಾಗಿಸಲು ನಿರಾಕ್ಷೇಪಣಾ ಪತ್ರ. ದೇಹ ಕೆಡದಂತೆ ಎಂಬಾಮಿಂಗ್ ಮಾಡಿದ ಪ್ರಮಾಣಪತ್ರ, ಸಾಂಕ್ರಾಮಿಕ ರೋಗವಿಲ್ಲ ಎಂಬ ಪತ್ರ. ಇಲ್ಲಿ ಇಳಿಸಿಕೊಳ್ಳಲು ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಯ ಅನುಮತಿ. ಈ ಅನುಮತಿಗಾಗಿ ಕೇಂದ್ರ ಸರಕಾರ 2023ರ ಆಗಸ್ಟ್‌ನಲ್ಲಿ ಇ-ಕೇರ್ ಎಂಬ ಆನ್‌ಲೈನ್ ವ್ಯವಸ್ಥೆ ಮಾಡಿದೆ. ಇಷ್ಟರಲ್ಲಿ ಮನೆಯವರು ಮಾಡಬೇಕಾದದ್ದು ಬಹುತೇಕ ಒಂದೇ: ದೇಹವನ್ನು ಊರಿಗೆ ಕಳಿಸಿ ಎಂದೋ ಅಲ್ಲಿಯೇ ಸಂಸ್ಕಾರ ಮಾಡಿ ಎಂದೋ ಒಪ್ಪಿಗೆ ಪತ್ರ ಬರೆದು, ನೋಟರಿ ಮಾಡಿಸಿ ಕಳಿಸುವುದು. ಉಳಿದದ್ದಕ್ಕೆ ಅಲ್ಲಿ ಊರಿನವರು, ರೂಮಿನವರು, ಸಂಘದವರು ಓಡಾಡುತ್ತಾರೆ. ಸಂಬಂಧವಿಲ್ಲದವರ ಸಾವಿಗೂ ಕೆಲಸಕ್ಕೆ ರಜೆ ಹಾಕಿ ಶವಾಗಾರದ ಬಾಗಿಲಲ್ಲಿ ನಿಲ್ಲುವ ಅವರ ಋಣ ದೊಡ್ಡದು.

ಎರಡನೆಯ ದಿನ ಮಧ್ಯಾಹ್ನ ಕಂಪೆನಿಯಿಂದ ಅಕ್ಕನ ಫೋನಿಗೆ ಎರಡು ಹಾಳೆಯ ಫಾರಂ ಬಂತು. ಬ್ರಹ್ಮಾವರದ ಹತ್ತಿರದ ಅಕ್ಕನ ಮನೆಯ ಚಾವಡಿಯಲ್ಲಿ ಜನ ತುಂಬಿದ್ದರು. ಯಾರೋ ಪೇಟೆಗೆ ಹೋಗಿ ಅದರ ಪ್ರಿಂಟು ತೆಗೆಸಿಕೊಂಡು ಬಂದಿದ್ದರು. ಅಕ್ಕ ಒಳಗಿನ ಕೋಣೆಯಲ್ಲಿ ಕೂತಿದ್ದಳು. ಪೆನ್ನು ಅವಳ ಕೈಯಲ್ಲೇ ಇತ್ತು.

"ತಮ್ಮಾ, ಇದಕ್ಕೆ ಸೈನ್ ಹಾಕಿದ್ರೆ ನಾಳೆಯೇ ಕಳಿಸ್ತಾರಂತೆ. ಹಾಕುದಾ?" ಎಂದಳು.

ಮೊದಲನೆಯ ಹಾಳೆ ಸರಿಯಾಗಿಯೇ ಇತ್ತು, ದೇಹ ಕಳಿಸಲು ಒಪ್ಪಿಗೆ. ಎರಡನೆಯದು ಅರ್ಧ ಅರಬ್ಬಿ, ಅರ್ಧ ಇಂಗ್ಲಿಷ್. ಇಂಗ್ಲಿಷ್ ಭಾಗದ ನಡುವೆ ಎರಡು ಸಾಲು ಇದ್ದವು. ಮೃತರಿಗೆ ಕಂಪೆನಿಯಿಂದ ಬರಬೇಕಾದದ್ದೆಲ್ಲ ಸಂದಿದೆ ಎಂದು ಒಂದು. ಮುಂದಿನ ಎಲ್ಲ ವ್ಯವಹಾರಕ್ಕೆ ಕಂಪೆನಿಯ ಪಿ.ಆರ್.ಒ.ಗೆ, ಅಂದರೆ ಸಂಪರ್ಕಾಧಿಕಾರಿಗೆ, ಪೂರ್ಣ ಅಧಿಕಾರ ಕೊಟ್ಟಿದ್ದೇನೆ ಎಂದು ಇನ್ನೊಂದು. ಹಣ ಒಂದು ಪೈಸೆ ಬಂದಿರಲಿಲ್ಲ. ನಾನು ಪೆನ್ನನ್ನು ಅವಳ ಕೈಯಿಂದ ಮೆಲ್ಲ ತೆಗೆದುಕೊಂಡೆ. "ಅಕ್ಕಾ, ಮೊದಲ್ನೇದಕ್ಕೆ ಮಾತ್ರ ಹಾಕು. ಎರಡನೇದು ಇರಲಿ" ಎಂದೆ. ಅವಳು ಹೆದರಿದಳು. "ಅವರು ಸಿಟ್ಟು ಮಾಡಿ ಬಾಡಿ ಕಳಿಸದಿದ್ರೆ?" ಎಂದು ಅತ್ತಳು. ಅಲ್ಲಿದ್ದ ಹಿರಿಯರೊಬ್ಬರು, ಸತ್ತ ಮನೆಯಲ್ಲಿ ದುಡ್ಡಿನ ಮಾತು ಯಾಕೆ ಎಂದು ನನ್ನನ್ನು ಗದರಿದರು.

ಕೇಳುಗರೇ, ಆ ಹೆದರಿಕೆ ಎಲ್ಲ ಮನೆಗಳಲ್ಲೂ ಇರುತ್ತದೆ. ಅದಕ್ಕೇ ಈ ಮಾತನ್ನು ಬಿಡಿಸಿ ಹೇಳುತ್ತೇನೆ. ದೇಹ ತರುವ ಕಾಗದ ಬೇರೆ, ಹಣ ತರುವ ಕಾಗದ ಬೇರೆ. ದೇಹ ಕಳಿಸಲು ಹಣದ ಲೆಕ್ಕ ಚುಕ್ತಾ ಆಗಬೇಕೆಂಬ ನಿಯಮ ಇಲ್ಲ. ಶಾರ್ಜಾ ಇರುವ ಸಂಯುಕ್ತ ಅರಬ್ ಎಮಿರೇಟ್ಸ್‌ನ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸದವರು ತೀರಿಕೊಂಡರೆ, ಮನೆಯವರು ಬಯಸಿದಲ್ಲಿ ದೇಹವನ್ನು ಸಿದ್ಧಪಡಿಸಿ ಊರಿಗೆ ಕಳಿಸುವ ಖರ್ಚು ಮಾಲೀಕನದ್ದು. ಸೌದಿಯ ಕಾರ್ಮಿಕ ಕಾನೂನಿನಲ್ಲೂ ಹಾಗೆಯೇ ಇದೆ. ಮಾಲೀಕ ಕೈಚೆಲ್ಲಿದರೆ, ಬಡವರ ದೇಹ ಕಳಿಸಲು ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೇಳಿದರೆ ಅದರಿಂದ ಕೊಡುತ್ತಾರೆ. ಯಾರೂ ಸರಿಯಾಗಿ ಉತ್ತರಿಸದಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಅದು 2015ರಿಂದ ನಡೆಯುತ್ತಿದೆ. ಅಕ್ಕ ಒಂದೇ ಹಾಳೆಗೆ ಸಹಿ ಹಾಕಿದಳು. ಭಾವ ಐದನೆಯ ದಿನ ಬಂದರು.

ದೇಹ ತರುವ ಕಾಗದಗಳಲ್ಲೂ ಪ್ರತಿ ಅಕ್ಷರ ಓದಬೇಕು. 2021ರಲ್ಲಿ ಹಿಮಾಚಲ ಪ್ರದೇಶದವರೊಬ್ಬರು ಸೌದಿಯಲ್ಲಿ ತೀರಿಕೊಂಡರು. ಮರಣಪತ್ರದ ಅನುವಾದದಲ್ಲಿ ಅವರ ಧರ್ಮ ತಪ್ಪಾಗಿ ದಾಖಲಾಗಿ, ಮನೆಯವರಿಗೆ ತಿಳಿಯುವ ಮೊದಲೇ ಅಲ್ಲಿ ದಫನವಾಯಿತು. ಹೆಂಡತಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ತಿಂಗಳುಗಳ ಮೇಲೆ ದೇಹವನ್ನು ಹೊರತೆಗೆದು ಊರಿಗೆ ಕಳಿಸಿದರು. ಒಂದು ಪದದ ತಪ್ಪಿಗೆ ಆ ಹೆಣ್ಣುಮಗಳು ಪಟ್ಟ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಹಣಕ್ಕೆ ಬರೋಣ. ಭಾವನ ರೂಮಿನ ಗೆಳೆಯರು ಅವರ ಸಾಮಾನನ್ನೆಲ್ಲ ಒಂದು ಸೂಟ್‌ಕೇಸಿಗೆ ತುಂಬಿ ಕಳಿಸಿದ್ದರು. ಅದರಲ್ಲಿ ಹಾಲಿನ ಪುಡಿಯ ಹಳೆಯ ಡಬ್ಬಿಯೊಂದಿತ್ತು. ಮುಚ್ಚಳ ತೆಗೆದರೆ ಒಳಗೆ ರಬ್ಬರ್ ಬ್ಯಾಂಡು ಹಾಕಿದ ಸಂಬಳದ ಚೀಟಿಗಳು, ಲೇಬರ್ ಕಾಂಟ್ರಾಕ್ಟಿನ ಪ್ರತಿ, ಊರಿಗೆ ಹಣ ಕಳಿಸಿದ ರಸೀದಿಗಳು. ಮಡಚಿ ಮಡಚಿ ಇಟ್ಟಿದ್ದರು. ಮನೆಗೆ ಫೋನು ಮಾಡಿದಾಗ ಸಂಬಳದ ಮಾತೆತ್ತದ ಮನುಷ್ಯ ಎಲ್ಲವನ್ನೂ ಜೋಪಾನ ಮಾಡಿಟ್ಟಿದ್ದರು. ಆ ಡಬ್ಬಿ ನಮ್ಮ ಕೈ ಹಿಡಿಯಿತು. ಯಾಕೆಂದರೆ ಸಂಬಳದ ಚೀಟಿಯಲ್ಲಿ ಒಟ್ಟು ಸಂಬಳ ನಾಲ್ಕೂವರೆ ಸಾವಿರ ದಿರ್ಹಾಮ್, ಅದರಲ್ಲಿ ಮೂಲ ವೇತನ ಮೂರು ಸಾವಿರ ಎಂದು ಬೇರೆಬೇರೆಯಾಗಿ ಬರೆದಿತ್ತು. ಲೆಕ್ಕವೆಲ್ಲ ನಿಂತಿರುವುದು ಆ ಮೂಲ ವೇತನದ ಮೇಲೆ.

ಎಮಿರೇಟ್ಸ್‌ನಲ್ಲಿ ಸೇವೆ ಮುಗಿದಾಗ ಕೊಡುವ ಗ್ರಾಚ್ಯುಟಿಗೆ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ. ಐದು ವರ್ಷ ಕಳೆದ ಮೇಲೆ ವರ್ಷಕ್ಕೆ 30 ದಿನದ್ದು. ಒಟ್ಟು ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ. ಭಾವನದ್ದು ಹತ್ತೊಂಬತ್ತು ವರ್ಷ. ಮೊದಲ ಐದಕ್ಕೆ 105 ದಿನ, ಉಳಿದ ಹದಿನಾಲ್ಕಕ್ಕೆ 420 ದಿನ, ಒಟ್ಟು 525 ದಿನ. ದಿನಕ್ಕೆ ನೂರು ದಿರ್ಹಾಮಿನಂತೆ 52,500 ದಿರ್ಹಾಮ್, ನಮ್ಮ ರೂಪಾಯಿಯಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಅದರ ಮೇಲೆ ಬಾಕಿ ಸಂಬಳ, ತೆಗೆದುಕೊಳ್ಳದ ರಜೆಯ ಸಂಬಳ. ಆ ಎರಡನೆಯ ಹಾಳೆಗೆ ಸಹಿ ಬಿದ್ದಿದ್ದರೆ ಇಷ್ಟೂ ಹಣ ಸಂದಾಯವಾಗಿದೆ ಎಂದು ಅಕ್ಕ ತಾನೇ ಬರೆದುಕೊಟ್ಟಂತಾಗುತ್ತಿತ್ತು.

ಸೌದಿಯ ಲೆಕ್ಕ ಬೇರೆ. ಅಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಕೆಲಸದ ಜಾಗದಲ್ಲಿ ಅಪಘಾತವಾಗಿ ತೀರಿಕೊಂಡರೆ ಪರಿಹಾರ ಪ್ರತ್ಯೇಕ. ಎಮಿರೇಟ್ಸ್‌ನಲ್ಲಿ ಅದು ಎರಡು ವರ್ಷದ ಮೂಲ ವೇತನ. 18 ಸಾವಿರ ದಿರ್ಹಾಮಿಗೆ ಕಡಿಮೆಯಿಲ್ಲ, 2 ಲಕ್ಷ ದಿರ್ಹಾಮಿಗೆ ಹೆಚ್ಚಿಲ್ಲ. ಹತ್ತನೆಯ ತರಗತಿ ದಾಟದೆ, ಎಮಿಗ್ರೇಶನ್ ಅನುಮತಿ ಪಡೆದು ಹೋದ ಕಾರ್ಮಿಕರಿಗೆ ನಮ್ಮ ಸರಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಹೋಗುವಾಗ ಏಜೆಂಟ್ ಮಾಡಿಸಿದ್ದು ಅವಧಿ ಮುಗಿದ ಮೇಲೆ ನವೀಕರಿಸುವವರು ಕಡಿಮೆ. ಮನೆಯಲ್ಲಿ ಇರುವವರು ನೆನಪಿಸಬೇಕು.

ಹಕ್ಕು ಇದೆ ಎಂದ ಮಾತ್ರಕ್ಕೆ ಹಣ ಬರುವುದಿಲ್ಲ. ಹತ್ತು ದಿನದೊಳಗೆ ಕೊಡಬೇಕು ಎಂದು ಎಮಿರೇಟ್ಸ್‌ನ ಕಾನೂನು ಹೇಳುತ್ತದೆ. ಆದರೆ ಯಾರಿಗೆ ಕೊಡಬೇಕು? ವಾರಸುದಾರರು ಯಾರೆಂದು ಅಲ್ಲಿಯವರಿಗೆ ಒಪ್ಪಿತವಾಗುವ ಕಾಗದ ಬೇಕು. ನಮ್ಮ ಓಡಾಟ ಶುರುವಾದದ್ದು ಅಲ್ಲಿಂದ.

ನಾಡಕಚೇರಿಯಲ್ಲಿ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೆ ಅರ್ಜಿ ಕೊಟ್ಟೆವು. ಊರಲ್ಲಿ ವಂಶವೃಕ್ಷ ಎನ್ನುತ್ತಾರೆ. ಪಂಚಾಯಿತಿಯ ಮರಣಪತ್ರ ತನ್ನಿ ಎಂದರು. ಸತ್ತದ್ದು ಶಾರ್ಜಾದಲ್ಲಿ, ಪಂಚಾಯಿತಿ ಹೇಗೆ ಕೊಡುತ್ತದೆ? ಈ ಮಾತಿಗೆ ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಅಲೆದಿವೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 20ನೆಯ ಕಲಮನ್ನು ಇಂಥವರು ಬರೆದಿಟ್ಟುಕೊಳ್ಳಬೇಕು. ಹೊರದೇಶದಲ್ಲಿ ತೀರಿಕೊಂಡ ಭಾರತೀಯರ ಸಾವು ನಮ್ಮ ಕಾನ್ಸುಲೇಟಿನಲ್ಲಿ ನೋಂದಣಿಯಾಗಿದ್ದರೆ ಅದು ಈ ಕಾಯ್ದೆಯಂತೆಯೇ ಆದ ನೋಂದಣಿ ಎಂದು ಅಲ್ಲಿ ಬರೆದಿದೆ. ಅದರ ಪ್ರತಿಯನ್ನು ಗ್ರಾಮ ಆಡಳಿತ ಅಧಿಕಾರಿಯವರ ಮುಂದೆ ಇಟ್ಟ ಮೇಲೆ ಕಡತ ಚಲಿಸಿತು. ಆದ್ದರಿಂದ ದೇಹ ಕಳಿಸುವ ಗಡಿಬಿಡಿಯಲ್ಲೂ ಕಾನ್ಸುಲೇಟಿನ ಮರಣ ನೋಂದಣಿಯ ಕಾಗದವನ್ನು ಬಿಡಬೇಡಿ. ಅಲ್ಲಿನ ಸರಕಾರದ ಮರಣಪತ್ರದ ಮೂಲ ಪ್ರತಿಗಳನ್ನೂ ಸಾಧ್ಯವಾದಷ್ಟು ಹೆಚ್ಚಿಗೆ ಪಡೆಯಿರಿ. ಮೂಲೆ ಕತ್ತರಿಸಿ ರದ್ದು ಎಂದು ಮುದ್ರೆ ಒತ್ತಿದ ಪಾಸ್‌ಪೋರ್ಟ್ ವಾಪಸು ಬರುತ್ತದೆ. ಅದನ್ನು ಎಸೆಯಬೇಡಿ, ಕೊನೆಯವರೆಗೂ ಕೇಳುತ್ತಾರೆ.

ಭಾವನ ಪಾಸ್‌ಪೋರ್ಟಿನಲ್ಲಿ ಇನ್ನೊಂದು ತೊಡಕಿತ್ತು. ಮದುವೆಗೆ ಮೊದಲು ಮಾಡಿಸಿದ ಪಾಸ್‌ಪೋರ್ಟ್, ಆಮೇಲೆ ನವೀಕರಿಸಿದಾಗಲೂ ಹೆಂಡತಿಯ ಹೆಸರು ಸೇರಿಸಿರಲಿಲ್ಲ. ಕೊನೆಯ ಪುಟದಲ್ಲಿ ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ, ಪತ್ನಿ ಎಂಬಲ್ಲಿ ಖಾಲಿ. ದೇವಸ್ಥಾನದಲ್ಲಿ ಆದ ಮದುವೆ, ನೋಂದಣಿ ಮಾಡಿಸಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಅಕ್ಕ, ತಾನು ಅವರ ಹೆಂಡತಿ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಹೇಳಬೇಕಾಯಿತು. ನೋಟರಿಯವರ ಕಚೇರಿಯಲ್ಲಿ ಅವಳು ಸಹಿ ಹಾಕುವಾಗ ಕಣ್ಣೀರು ಕಾಗದದ ಮೇಲೆ ಬಿತ್ತು. ಶಾಯಿ ಹರಡಿತು. ಇನ್ನೊಂದು ಛಾಪಾ ಕಾಗದ ತಂದು ಮತ್ತೆ ಬರೆಸಿದೆವು.

ನಂತರ ಅಧಿಕಾರ ಪತ್ರ. ಶಾರ್ಜಾದಲ್ಲೇ ಇರುವ ನಮ್ಮ ಚಿಕ್ಕಪ್ಪನ ಮಗನ ಹೆಸರಿಗೆ ಮಾಡಿಸಿದೆವು. ಅದರಲ್ಲಿ ಏನೇನು ಬರೆಯಬೇಕು ಎಂಬುದರಲ್ಲಿ ನಾನು ತುಂಬ ಹಟ ಮಾಡಿದೆ. ಕಂಪೆನಿಯಿಂದ ಲೆಕ್ಕ ಕೇಳಬಹುದು, ಕಚೇರಿ ಮತ್ತು ಕೋರ್ಟಿನಲ್ಲಿ ಅರ್ಜಿ ಹಾಕಬಹುದು, ಹಣವನ್ನು ಅಕ್ಕನ ಖಾತೆಗೆ ನೇರ ಜಮೆ ಮಾಡಿಸಬಹುದು. ರಾಜಿ ಮಾಡಿಕೊಳ್ಳುವ ಅಧಿಕಾರ ಇಲ್ಲ, ಹಣವನ್ನು ತನ್ನ ಹೆಸರಿಗೆ ಪಡೆಯುವ ಅಧಿಕಾರ ಇಲ್ಲ. ತಮ್ಮನಾದವನನ್ನು ನಂಬುವುದಿಲ್ಲವೇ ಎಂದು ಮನೆಯಲ್ಲಿ ಬೇಸರ ಮಾಡಿಕೊಂಡರು. ನಂಬಿಕೆ ಇತ್ತು. ಆದರೆ ಎಲ್ಲ ಅಧಿಕಾರ ಬರೆದುಕೊಟ್ಟು, ಬಂದ ಹಣವೂ ಹೋಗಿ ಸಂಬಂಧವೂ ಮುರಿದ ಮನೆಗಳನ್ನು ನಾನು ಬ್ಯಾಂಕಿನ ಮೇಜಿನಿಂದ ನೋಡಿದ್ದೇನೆ. ಅಧಿಕಾರಕ್ಕೆ ಗೆರೆ ಹಾಕಿದರೆ ಪಡೆದವನಿಗೂ ಅಪವಾದ ಬರುವುದಿಲ್ಲ. ಹತ್ತಿರದವರು ಯಾರೂ ಇಲ್ಲದಿದ್ದರೆ, ಸೌದಿಯಂಥ ಕಡೆ ನಮ್ಮ ರಾಯಭಾರ ಕಚೇರಿಯ ಹೆಸರಿಗೇ ಅಧಿಕಾರ ಪತ್ರ ಕೊಡುವ ರೂಢಿಯಿದೆ.

ಆ ಅಧಿಕಾರ ಪತ್ರ ಕಡಲು ದಾಟಿ ಹೋಗಬೇಕಾದರೆ ಮುದ್ರೆಗಳು ಬೇಕು. ನೋಟರಿ, ಬಳಿಕ ರಾಜ್ಯದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯ, ಆಮೇಲೆ ಎಮಿರೇಟ್ಸ್‌ನ ರಾಯಭಾರ ಕಚೇರಿ, ಅಲ್ಲಿ ಮುಟ್ಟಿದ ಮೇಲೆ ಆ ದೇಶದ ವಿದೇಶಾಂಗ ಇಲಾಖೆ. ಅಷ್ಟಾದ ಮೇಲೆ ಅರಬ್ಬಿಗೆ ಅನುವಾದ. ಹಾಳೆಯ ಬೆನ್ನು ಮುದ್ರೆಗಳಿಂದ ತುಂಬಿಹೋಗಿತ್ತು. ಸೌದಿ, ಒಮಾನ್, ಬಹರೈನ್ ದೇಶಗಳು ಹೇಗ್ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿವೆ. ನಾವೂ 2005ರಿಂದ ಅದರಲ್ಲಿದ್ದೇವೆ. ಹಾಗಾಗಿ ಅಲ್ಲಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಬಿದ್ದರೆ ರಾಯಭಾರ ಕಚೇರಿಗೆ ಹೋಗುವ ಕೆಲಸ ಉಳಿಯುತ್ತದೆ. ಇದನ್ನು ತಿಳಿಯದವರಿಂದ ದಲ್ಲಾಳಿಗಳು ಬೇಡದ ಮುದ್ರೆಗೂ ದುಡ್ಡು ಕೀಳುತ್ತಾರೆ. ಯಾವ ದೇಶಕ್ಕೆ ಯಾವ ಮುದ್ರೆ ಎಂದು ಮೊದಲು ಕೇಳಿ ತಿಳಿದುಕೊಂಡು ಆಮೇಲೆ ಹಣ ಕೊಡಿ.

ಊರಿನ ಬ್ಯಾಂಕಿನ ಖಾತೆಯ ಮಾತನ್ನೂ ಹೇಳಬೇಕು. ಭಾವನಿಗೆ ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆ ಇತ್ತು, ಠೇವಣಿಯೂ ಇತ್ತು. ಎಟಿಎಂ ಕಾರ್ಡು ಮನೆಯಲ್ಲೇ, ನಂಬರು ಮಗನಿಗೆ ಗೊತ್ತು. ಖರ್ಚಿಗೆ ತೆಗೆಯಲೇ ಮಾವ ಎಂದು ಕೇಳಿದ. ಬೇಡ ಎಂದೆ. ಖಾತೆದಾರರು ತೀರಿಕೊಂಡ ಮೇಲೆ ಕಾರ್ಡಿನಲ್ಲಿ ಹಣ ತೆಗೆಯುವುದು ಕ್ರಮವಲ್ಲ. ನಾಳೆ ವಾರಸುದಾರರಲ್ಲಿ ಒಬ್ಬರು ಆಕ್ಷೇಪ ಎತ್ತಿದರೆ ತೆಗೆದ ಮಗು ಕಳ್ಳನ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಬ್ಯಾಂಕಿಗೆ ಸಾವಿನ ಸುದ್ದಿ ತಿಳಿಸಿ. ನಾಮಿನಿ ಇದ್ದರೆ, ಕಾಗದ ಪೂರ್ತಿ ಕೊಟ್ಟ 15 ದಿನದಲ್ಲಿ ಬ್ಯಾಂಕು ಹಣ ಕೊಡಬೇಕು.

ಭಾವನ ಠೇವಣಿಗೆ ನಾಮಿನಿ ಅವರ ತಾಯಿ. ಮದುವೆಗೆ ಮೊದಲು ತೆರೆದ ಖಾತೆ, ಯಾರೂ ಬದಲಾಯಿಸಿರಲಿಲ್ಲ. ನಾಮಿನಿ ಎಂದರೆ ಒಡೆಯ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆದು ವಾರಸುದಾರರ ಪರವಾಗಿ ಹಿಡಿದುಕೊಳ್ಳುವವರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲು ಬರೆಯದೆ ಸತ್ತ ಗಂಡಸಿನ ಸ್ವಂತ ಗಳಿಕೆ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸಮಪಾಲು. ಅಂದರೆ ಅಕ್ಕ, ಇಬ್ಬರು ಮಕ್ಕಳು, ಅಕ್ಕನ ಅತ್ತೆ, ನಾಲ್ಕು ಪಾಲು. ಮುಸ್ಲಿಂ ಮನೆಗಳಲ್ಲಿ ಷರೀಅತ್‌ನ ಪಾಲು ಬೇರೆ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಎಮಿರೇಟ್ಸ್‌ನಲ್ಲಿ ಮುಸ್ಲಿಮೇತರರಿಗೆ 2023ರ ಫೆಬ್ರವರಿಯಿಂದ ಹೊಸ ಕಾನೂನು ಬಂದಿದೆ. ಉಯಿಲು ಇಲ್ಲದಿದ್ದರೆ ಅರ್ಧ ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ ಸಮನಾಗಿ. ಮಕ್ಕಳಿದ್ದರೆ ಅದರಲ್ಲಿ ಸತ್ತವರ ತಾಯಿಗೆ ಪಾಲಿಲ್ಲ. ಒಬ್ಬನೇ ಮನುಷ್ಯನ ದುಡಿಮೆಗೆ ಇಲ್ಲಿ ಒಂದು ಲೆಕ್ಕ, ಅಲ್ಲಿ ಒಂದು ಲೆಕ್ಕ. ಬದುಕಿದ್ದಾಗ ಒಂದು ಉಯಿಲು ಬರೆದಿಟ್ಟರೆ ಈ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ.

ಎಪ್ಪತ್ತೆಂಟು ವರ್ಷದ ಆ ಅತ್ತೆ ಬ್ಯಾಂಕಿಗೆ ಬಂದರು. ಹೆಬ್ಬೆಟ್ಟು ಒತ್ತುವವರು. ಮ್ಯಾನೇಜರು ವಿವರಿಸಿ ಹೇಳಿದ ಮೇಲೆ, "ನಂಗೆ ಒಂದು ಪಾಲು ಉಂಟಂದ್ರೆ ಇರಲಿ. ಅದನ್ನು ಮೊಮ್ಮಗಳ ಹೆಸರಲ್ಲಿ ಇಡಿ. ಅವ ಅವಳನ್ನು ಓದಿಸ್ಬೇಕು ಅಂತಿದ್ದ" ಎಂದರು. ಕಾನೂನು ಕೊಟ್ಟ ಪಾಲನ್ನು ಮೊದಲು ತನ್ನದೆಂದು ಒಪ್ಪಿ, ಆಮೇಲೆ ತಾನಾಗಿ ಕೊಟ್ಟರು. ಆ ಕ್ರಮ ನನಗೆ ಬಹಳ ಸರಿಕಂಡಿತು. ಮುದುಕಿಯರಿಂದ ಕೇಳದೆಯೇ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಕಂಡಿದ್ದೇನೆ. ಅದು ಅನ್ಯಾಯ.

ಸಾಲದ ಬಗ್ಗೆ ಒಂದು ಮಾತು. ಅಲ್ಲಿಂದ ಯಾರೋ ಫೋನು ಮಾಡಿ, ನಿಮ್ಮ ಗಂಡನ ಕ್ರೆಡಿಟ್ ಕಾರ್ಡಿನ ಬಾಕಿ ಇದೆ, ನೀವು ಕಟ್ಟಿ ಎಂದು ಹೆದರಿಸಿದರೆ ಬಂಗಾರ ಅಡವಿಡಲು ಓಡಬೇಡಿ. ಸತ್ತವರ ಸಾಲ ಅವರು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಿ ತೀರಬೇಕು. ನೀವು ಜಾಮೀನು ಹಾಕಿರದಿದ್ದರೆ ನಿಮ್ಮ ಸ್ವಂತ ಗಳಿಕೆಗೆ ಅದು ತಟ್ಟುವುದಿಲ್ಲ. ಬರಹದಲ್ಲಿ ಕಳಿಸಿ ಎನ್ನಿ. ಆ ಸಾಲಕ್ಕೆ ವಿಮೆ ಇತ್ತೇ ಎಂದು ಕೇಳಿ, ಎಷ್ಟೋ ಸಲ ಇರುತ್ತದೆ.

ಅಕ್ಕನ ಹಣ ಬರಲು ಹನ್ನೊಂದು ತಿಂಗಳು ಹಿಡಿಯಿತು. ಕಂಪೆನಿ ಮೊದಲು ಒಂಬತ್ತು ವರ್ಷದ ಲೆಕ್ಕ ಮಾತ್ರ ತೋರಿಸಿತು, ಅದಕ್ಕೆ ಹಿಂದಿನದು ಬೇರೆ ಲೈಸೆನ್ಸಿನ ಕೆಳಗೆ ಎಂದಿತು. ಡಬ್ಬಿಯಲ್ಲಿದ್ದ ಹಳೆಯ ಚೀಟಿಗಳನ್ನು ಚಿಕ್ಕಪ್ಪನ ಮಗ ಅಲ್ಲಿನ ಕಾರ್ಮಿಕ ಇಲಾಖೆಯ ಮುಂದೆ ಒಂದೊಂದಾಗಿ ಇಟ್ಟ. ಕೊನೆಗೆ ಹತ್ತೊಂಬತ್ತು ವರ್ಷಕ್ಕೂ ಲೆಕ್ಕ ಕಟ್ಟಿ 52,500 ದಿರ್ಹಾಮ್ ಅಕ್ಕನ ಖಾತೆಗೆ ಬಂತು. ಅವಳು ಪಾಸ್‌ಬುಕ್ಕನ್ನು ಭಾವನ ಫೋಟೊದ ಮುಂದೆ ಇಟ್ಟು ದೀಪ ಹಚ್ಚಿದಳು.

ಕೇಳುಗರೇ, ನಿಮ್ಮ ಮನೆಯಿಂದಲೂ ಯಾರಾದರೂ ಹೊರದೇಶದಲ್ಲಿ ಇರಬಹುದು. ಈ ವಾರ ಅವರು ಫೋನು ಮಾಡಿದಾಗ ಪಾಸ್‌ಪೋರ್ಟಿನ ಕೊನೆಯ ಪುಟದ ಫೋಟೊ ತೆಗೆದು ಕಳಿಸಲು ಹೇಳಿ. ಪತ್ನಿ ಎಂಬಲ್ಲಿ ನಿಮ್ಮ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ರಜೆಯಲ್ಲಿ ಬಂದಾಗ ಮೊದಲ ಕೆಲಸವಾಗಿ ಅದನ್ನು ಸೇರಿಸಿಕೊಳ್ಳಿ.